ನಿನ್ನೆಯ ಹುರುಳಿ ಸೂಪು

ಎರಡನೆಯ ತರಗತಿಯ ಯಶ್ಮಿತಾಳ ಬುತ್ತಿ ಡಬ್ಬಿ ಶಾಲೆಗೆ ಹೋದ ಹಾಗೆಯೇ ಮನೆಗೆ ತಿರುಗಿ ಬರುತ್ತಿತ್ತು. ಚಪಾತಿ ಸುರುಳಿ, ನೂಡಲ್ಸ್, ತುಪ್ಪದನ್ನ, ಮೊಬೈಲಿನಲ್ಲಿ ನೋಡಿ ಕಲಿತ ಪಾಸ್ತಾ, ಎಲ್ಲವನ್ನೂ ಅವಳ ತಾಯಿ ವಿಜೇತಾ ಮಾಡಿ ನೋಡಿದ್ದಳು. ಬ್ರೆಡ್ಡನ್ನು ನಕ್ಷತ್ರದ ಹಾಗೆ ಕತ್ತರಿಸಿ ಕೊಟ್ಟದ್ದೂ ಉಂಟು. ನಕ್ಷತ್ರದ ಒಂದು ಮೂಲೆ ಮಾತ್ರ ಕಚ್ಚಿ, ಉಳಿದದ್ದು ಸಂಜೆ ಡಬ್ಬಿಯಲ್ಲಿ ಬೆವರಿಕೊಂಡು ಬಂದಿತ್ತು.

ವಿಜೇತಾ ಬಿಜೈಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕೌಂಟರಿನಲ್ಲಿ ಕೂರುವವಳು. ಬೆಳಿಗ್ಗೆ ಎಂಟಕ್ಕೆ ಬೋಳಾರದ ಮನೆ ಬಿಟ್ಟರೆ ಎರಡು ಬಸ್ಸು ಹಿಡಿದು ಹೋಗಿ, ಎರಡು ಬಸ್ಸು ಹಿಡಿದು ಬರುವಾಗ ಸಂಜೆ ಆರೂವರೆ. ಗಂಡ ಶೈಲೇಶ್ ಮೀನಿನ ದೋಣಿ ಬಂದು ನಿಲ್ಲುವ ದಕ್ಕೆಯ ಐಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್. ಅವನದ್ದು ಬೆಳಗಿನ ಜಾವಕ್ಕೆ ಹೋಗಿ ಮಧ್ಯಾಹ್ನ ಬಂದು ಮಲಗುವ ಕೆಲಸ. ಮಾವ ಸೇಸಪ್ಪ ನಲವತ್ತು ವರ್ಷ ಕಡಲಿಗೆ ಹೋಗಿ, ಈಗ ಜಗಲಿಯಲ್ಲಿ ಕೂತು ಯಾರದಾದರೂ ಬಲೆ ನೇಯ್ದು ಕೊಡುತ್ತಾರೆ. ಅತ್ತೆ ಹರಿಣಾಕ್ಷಿ ಮಂಡಿ ನೋವು ಬರುವವರೆಗೂ ಮೀನಿನ ಬುಟ್ಟಿ ಹೊತ್ತು ಮಾರಿದ ಹೆಂಗಸು. ಧ್ವನಿ ಇನ್ನೂ ಮಾರ್ಕೆಟ್ಟಿನದ್ದೇ.

ಜೂನ್ ತಿಂಗಳಲ್ಲಿ ಶೈಲೇಶನ ಅಕ್ಕ ಸ್ವರ್ಣಲತಾ ಎರಡು ಚೀಲ ಹಿಡಿದು ತಾಯಿಮನೆಗೆ ಬಂದಳು. ಗಂಡ ತೀರಿಹೋಗಿ ಎಂಟು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ಗಂಡನ ಮನೆಯವರು ಅವಳನ್ನು ಹೋಗು ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಹರಿಣಾಕ್ಷಿ ಫೋನಿನಲ್ಲಿ ಗದರಿದ್ದರು.

"ನಿನ್ನ ಮನೆಗೆ ನೀನು ಬರ್ಲಿಕ್ಕೆ ಯಾರನ್ನು ಕೇಳ್ಬೇಕು? ನನ್ನ ಅಮ್ಮನಿಂದ ನನಗೆ ಬಂದ ಮನೆ ಇದು. ನನ್ನಿಂದ ನಿನಗೆ."

ಅಡುಗೆ ಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ವಿಜೇತಾಳಿಗೆ ಆ ಮಾತು ಕೇಳಿತು. ಅವರ ಕಡೆ ಮನೆ ಹೆಣ್ಣುಮಕ್ಕಳ ಸಾಲಿನಲ್ಲಿ ಇಳಿಯುವುದು ಹಿಂದಿನಿಂದ ಬಂದದ್ದೇ. ಅದು ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಒಂಬತ್ತು ವರ್ಷ ಈ ಒಲೆಯ ಮುಂದೆ ನಿಂತ ತನಗೆ ಒಬ್ಬರೂ ಒಂದು ದಿನ "ನಿನ್ನ ಮನೆ" ಎಂದು ಹೇಳಿರಲಿಲ್ಲವಲ್ಲ ಎಂದು ಅನ್ನಿಸದೆ ಇರಲಿಲ್ಲ.

ಸ್ವರ್ಣಲತಾ ಜೋರು ಮಾತಿನವಳಲ್ಲ. ಬಂದ ಮರುದಿನದಿಂದಲೇ ಅಂಗಳ ಗುಡಿಸಿದಳು, ತಾಯಿಯ ಮಂಡಿಗೆ ಎಣ್ಣೆ ಹಚ್ಚಿದಳು, ರಾತ್ರಿಯ ಊಟದ ಅಡುಗೆ ತನ್ನದು ಎಂದಳು. ವಿಜೇತಾಳಿಗೆ ಮೊದಲು ನೆಮ್ಮದಿಯೇ ಆಯಿತು. ಸಂಜೆ ಬಂದು ಬಟ್ಟೆ ಬದಲಿಸುವುದರೊಳಗೆ ಚಾ ಎದುರಿಗೆ ಬರುತ್ತಿತ್ತು.

ಒಂದು ಸಂಜೆ ಯಶ್ಮಿತಾ ಶಾಲೆಯಿಂದ ಬಂದವಳೇ ಸೋದರತ್ತೆಯ ಸೆರಗು ಹಿಡಿದು ಹಟ ಹಿಡಿದಳು.

"ಮಾಮಿ, ನಂಗೆ ಸೂಪ್ ಬೇಕು. ನಮ್ಮ ಕ್ಲಾಸಿನ ತುಷಾರ್ ಫ್ಲಾಸ್ಕಿನಲ್ಲಿ ತರ್ತಾನೆ."

"ಸೂಪ್ ಅಂದ್ರೆ ಎಂತ ಮಗಾ? ತೆಳ್ಳಗಿನ ಸಾರು ಅಲ್ವಾ?" ಎಂದಳು ಸ್ವರ್ಣಲತಾ.

ಮನೆಯಲ್ಲಿ ಹುರುಳಿ ಇತ್ತು. ಅದನ್ನು ಬೇಯಿಸಿ, ಕಟ್ಟು ಬಸಿದು, ಒಂದು ಮುಷ್ಟಿ ಕಾಳು ನುಣ್ಣಗೆ ಅರೆದು ಸೇರಿಸಿ, ಜೀರಿಗೆ, ಸ್ವಲ್ಪ ಕಾಳುಮೆಣಸು, ಒಂದು ಚೂರು ಬೆಲ್ಲ ಹಾಕಿ, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಮಾಡಿ ಒಗ್ಗರಣೆ ಕೊಟ್ಟಳು. ಯಶ್ಮಿತಾ ಎರಡು ಲೋಟ ಕುಡಿದಳು.

"ಮೀನು ಹಿಡಿಯುವವರ ಮನೆಯಲ್ಲಿ ಹುರುಳಿ ನೀರಿಗೆ ಇಷ್ಟು ಮರ್ಯಾದೆ!" ಎಂದು ಸೇಸಪ್ಪ ತಮ್ಮ ಲೋಟವನ್ನೂ ಮುಂದೆ ಚಾಚಿದರು.

ಮರುದಿನ ವಿಜೇತಾಳಿಗೆ ಬೇಗ ಡ್ಯೂಟಿ ಇತ್ತು. ಬುತ್ತಿ ಕಟ್ಟಿದ್ದು ಸ್ವರ್ಣಲತಾ. ನಿನ್ನೆ ಉಳಿದ ಸೂಪನ್ನು ಕುದಿಸಿ ಫ್ಲಾಸ್ಕಿಗೆ ಹಾಕಿ, ಜೊತೆಗೆ ಮೆತ್ತಗಿನ ಅನ್ನ ಇಟ್ಟು ಕಳಿಸಿದಳು. ಹುರುಳಿ ಸಾರಿನ ರುಚಿ ಎರಡನೆಯ ದಿನಕ್ಕೆ ಏರುತ್ತದೆ. ಸಂಜೆ ಡಬ್ಬಿ ತೆರೆದು ನೋಡಿದ ವಿಜೇತಾ ಕೂಗಿಕೊಂಡಳು.

"ಒಂದು ಅಗುಳು ಇಲ್ಲ! ಎಂತ ಕೊಟ್ಟದ್ದು ಅಕ್ಕ?"

"ನಿನ್ನೆದ್ದು ಉಳಿದದ್ದು. ಬಿಸಿ ಮಾಡಿದ್ದು ಅಷ್ಟೇ."

ನಿನ್ನೆದ್ದು ಉಳಿದದ್ದು. ತಾನು ಐದೂವರೆಗೆ ಎದ್ದು ಮಾಡಿದ ಪಾಸ್ತಾ ಅಲ್ಲ. ವಿಜೇತಾ ನಕ್ಕಳು, ಆದರೆ ಡಬ್ಬಿ ತೊಳೆಯುವಾಗ ಸ್ವಲ್ಪ ಗಟ್ಟಿಯಾಗಿಯೇ ಉಜ್ಜಿದಳು.

ಆಮೇಲೆ ವಾರಕ್ಕೆ ಮೂರು ದಿನ ಸೂಪು. ಸ್ವರ್ಣಲತಾ ರಾತ್ರಿಗೆ ಮಾಡಿದ್ದು ಯಾವಾಗಲೂ ಒಂದು ಫ್ಲಾಸ್ಕಿನಷ್ಟು ಉಳಿಯುತ್ತಿತ್ತು. ಮಗುವಿನ ಕೆನ್ನೆ ತುಂಬಿತು. ಅದರ ಜೊತೆಗೆ ಬೇರೆ ಕೆಲವು ಸಂಗತಿಗಳೂ ಬದಲಾದವು. ಜಡೆ ಹಾಕಲು ಮಾಮಿಯೇ ಬೇಕು. ಮಗ್ಗಿ ಒಪ್ಪಿಸುವುದು ಮಾಮಿಗೆ. ಒಂದು ಭಾನುವಾರ ವಿಜೇತಾ ಬಾಚಣಿಗೆ ಹಿಡಿದು ಕೂತರೆ ಯಶ್ಮಿತಾ ತಲೆ ಎಳೆದುಕೊಂಡಳು.

"ನೀನು ಎಳೀತಿ ಅಮ್ಮ. ನೋವಾಗ್ತದೆ."

"ಏಳು ವರ್ಷದಿಂದ ನಾನೇ ಬಾಚಿದ್ದು. ಆಗ ನೋವಾಗ್ಲಿಲ್ವಾ?"

"ಆಗ ಗೊತ್ತಿರ್ಲಿಲ್ಲ."

ಹರಿಣಾಕ್ಷಿ ಒಳಗಿನಿಂದ ನಗುತ್ತಾ, "ರಕ್ತ ಎಲ್ಲಿಗೆ ಹೋಗ್ತದೆ? ಬಾಲೆಗೆ ಮಾಮಿಯದ್ದೇ ಕೈರುಚಿ ಹಿಡಿದದ್ದು," ಎಂದರು. ಅವರಿಗೆ ಮಗಳು ನಗುವುದನ್ನು ನೋಡಬೇಕಿತ್ತು, ಅಷ್ಟೇ. ಸೊಸೆಯ ಮುಖವನ್ನು ನೋಡಲಿಲ್ಲ.

ಜುಲೈಯಲ್ಲಿ ಶಾಲೆಯಲ್ಲಿ ಪೋಷಕರ ಸಭೆ. ಗೋಡೆಯ ಮೇಲೆ "ನನಗೆ ತುಂಬಾ ಇಷ್ಟದವರು" ಎಂದು ಮಕ್ಕಳು ಬಿಡಿಸಿದ ಚಿತ್ರಗಳನ್ನು ಅಂಟಿಸಿದ್ದರು. ಯಶ್ಮಿತಾಳದ್ದರಲ್ಲಿ ನೈಟಿ ಹಾಕಿ, ಕೈಯಲ್ಲಿ ಸೌಟು ಹಿಡಿದ ಒಬ್ಬ ಹೆಂಗಸು. ಕೆಳಗೆ ಓರೆಯಾಗಿ "ಮಾಮಿ". ವಿಜೇತಾ ಆ ಚಿತ್ರದ ಎದುರು ನಿಂತಿದ್ದಾಗ ತುಷಾರನ ತಾಯಿ ವಿನೋದಾ ಬಂದು ಕೈ ಹಿಡಿದಳು. ಪಂಪ್‌ವೆಲ್ ಹತ್ತಿರ ನರ್ಸಿಂಗ್ ಹುಡುಗಿಯರಿಗೆ ಮೆಸ್ ನಡೆಸುವವಳು ಅವಳು.

"ನೀವು ಯಶ್ಮಿತಾಳ ಅಮ್ಮ ಅಲ್ವಾ? ಎಂತ ಸೂಪ್ ಮಾರಾಯ್ರೆ ಅದು! ನನ್ನ ಮಗ ದಿನಾ ಅದರದ್ದೇ ಜಪ. ಊರಿಗೆಲ್ಲ ಅಡುಗೆ ಮಾಡುವ ನನಗೆ ಅವನಿಗೆ ಕೊಡ್ಲಿಕ್ಕೆ ಪ್ಯಾಕೆಟ್ ಸೂಪೇ ಗತಿ. ಯಾರು ಮಾಡುದು, ನೀವೇ?"

"ಹೌದು," ಎಂದುಬಿಟ್ಟಳು ವಿಜೇತಾ. "ನಾನೇ."

"ಕೆಲಸಕ್ಕೂ ಹೋಗಿ! ಹೇಗೆ ಮಾಡ್ತೀರಿ, ಹೇಳಿ ನೋಡುವ."

"ಹುರುಳಿ, ಬೆಳ್ಳುಳ್ಳಿ... ವಾಟ್ಸಾಪ್ ಮಾಡ್ತೇನೆ," ಎಂದು ಬಸ್ಸಿನ ನೆಪ ಹೇಳಿ ಹೊರಟಳು. ಮಳೆ ಹನಿಯುತ್ತಿದ್ದರೂ ಅವಳಿಗೆ ಕಿವಿಯವರೆಗೆ ಬಿಸಿಯಾಗಿತ್ತು. ಮನೆಯಲ್ಲಿ ಗಂಡನಿಗೆ ಚಿತ್ರದ ಸುದ್ದಿ ಹೇಳಿದಳು, ಸುಳ್ಳಿನ ಸುದ್ದಿ ಹೇಳಲಿಲ್ಲ.

"ಒಳ್ಳೇದಾಯ್ತಲ್ಲ," ಎಂದ ಶೈಲೇಶ್. "ಅಕ್ಕನಿಗೂ ಒಂದು ಸಮಾಧಾನ."

"ಮತ್ತೆ ನನಗೆ?"

"ನಿನಗೆ ಎಂತ ಆಗಿದೆ? ಕೆಲಸ ಕಮ್ಮಿ ಆಯ್ತಲ್ಲ."

ಅವನು ಅದನ್ನು ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು.

ಆ ವಾರದ ಶುಕ್ರವಾರ ವಿಜೇತಾ ಎಂದಿಗಿಂತ ಮೊದಲೇ ಎದ್ದಳು. ಫ್ರಿಜ್ಜಿನಲ್ಲಿ ಸೂಪಿನ ಪಾತ್ರೆ ಮುಚ್ಚಳ ಹಾಕಿಕೊಂಡು ಕೂತಿತ್ತು. ಅದನ್ನು ಹೊರಗೆ ತೆಗೆದು, ಒಂದು ಕ್ಷಣವೂ ಯೋಚಿಸದೆ ಸಿಂಕಿಗೆ ಸುರಿದಳು. ನಲ್ಲಿ ಜೋರಾಗಿ ಬಿಟ್ಟಳು. ಬೆಳ್ಳುಳ್ಳಿಯ ಒಂದೆರಡು ಎಸಳು ಜಾಲರಿಯಲ್ಲಿ ಸಿಕ್ಕಿಕೊಂಡವು. ತಿರುಗಿ ನೋಡಿದರೆ ಬಾಗಿಲಲ್ಲಿ ಯಶ್ಮಿತಾ ಹಲ್ಲುಜ್ಜುವ ಬ್ರಷ್ ಹಿಡಿದು ನಿಂತಿದ್ದಳು.

"ಹಾಳಾಗಿತ್ತು ಮಗಾ. ಹುಳಿ ಬಂದಿತ್ತು."

ಮಗು ಬ್ರಷ್ ಬಾಯಿಗಿಟ್ಟುಕೊಂಡು ಬಚ್ಚಲ ಕಡೆಗೆ ಹೋಯಿತು.

ತಿಂಡಿಯ ಹೊತ್ತಿಗೆ ಸುದ್ದಿ ಹರಿಣಾಕ್ಷಿಯ ಕಿವಿಗೆ ಬಿತ್ತು. ಮಗಳ ಮೇಲೆ ಎಷ್ಟು ಪ್ರೀತಿಯೋ ಮೊಮ್ಮಗಳ ಹೊಟ್ಟೆಯ ಮೇಲೆ ಅದಕ್ಕಿಂತ ಹೆಚ್ಚು ಹೆದರಿಕೆ ಅವರಿಗೆ.

"ಮಳೆಗಾಲದಲ್ಲಿ ಹಾಗೇ ಇಟ್ಟು ಮಲಗುದಾ ಸ್ವರ್ಣಾ? ಮಗುವಿಗೆ ಎಂತಾದ್ರೂ ಆಗಿದ್ರೆ? ನಿನಗೇನು, ಹೆತ್ತದ್ದಾ ಬೆಳೆಸಿದ್ದಾ, ಗೊತ್ತಾಗ್ಬೇಕಲ್ಲ!"

ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಕಸಿವಿಸಿಯಾಯಿತು. ಸೇಸಪ್ಪ ದೋಸೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ಸ್ವರ್ಣಲತಾ "ಕುದಿಸಿಯೇ ಇಟ್ಟದ್ದು ಅಮ್ಮ" ಎಂದು ಸುರು ಮಾಡಿ, ಸಿಂಕಿನ ಕಡೆಗೊಮ್ಮೆ, ವಿಜೇತಾಳ ಕಡೆಗೊಮ್ಮೆ ನೋಡಿ ನಿಲ್ಲಿಸಿದಳು.

"ಮರ್ತಿರ್ಬೇಕು," ಎಂದಳು.

"ಇನ್ನು ಬುತ್ತಿಗೆ ನಿನ್ನೆದ್ದು ಬೇಡ ಅಕ್ಕ," ಎಂದಳು ವಿಜೇತಾ. "ನಾನೇ ಹೊಸತಾಗಿ ಮಾಡ್ತೇನೆ."

ಆ ದಿನದಿಂದ ಸೂಪು ನಿಂತಿತು. ಸ್ವರ್ಣಲತಾ ರಾತ್ರಿಗೆ ಮೀನು ಸಾರು, ಬಸಳೆ ಪದಾರ್ಥ, ಅಳತೆಗೆ ಸರಿಯಾಗಿ ಮಾಡಿ ಮುಗಿಸತೊಡಗಿದಳು. ಮಾತು ಇನ್ನೂ ಕಡಿಮೆಯಾಯಿತು.

ವಿಜೇತಾಳ ಡಬ್ಬಿ ಮಾತ್ರ ಗೆದ್ದಿತ್ತು. ಸೋಮವಾರ ಕ್ಯಾರೆಟ್ ಪರೋಟ ಕಳಿಸಿದಳು, ಡಬ್ಬಿ ಖಾಲಿ ಬಂತು. ಮಂಗಳವಾರ ನಿಂಬೆ ಚಿತ್ರಾನ್ನ, ಖಾಲಿ. ಎರಡು ವಾರ ಹಾಗೇ ನಡೆಯಿತು. ಆಸ್ಪತ್ರೆಯ ಕೌಂಟರಿನಲ್ಲಿ ಜೊತೆಯವಳಿಗೆ ಹೇಳಿ ಸಂತೋಷಪಟ್ಟಳು. ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವಂತೆ ಹೇಳಿದಳು.

"ನೋಡಿ, ಅವಳಿಗೆ ನನ್ನ ಅಡುಗೆಯೂ ಸೇರ್ತದೆ. ಕೊಡುವ ಹಾಗೆ ಕೊಡ್ಬೇಕು ಅಷ್ಟೇ."

ಸ್ವರ್ಣಲತಾ ತಟ್ಟೆ ನೋಡುತ್ತಾ ಉಣ್ಣುತ್ತಿದ್ದಳು. ಸೇಸಪ್ಪ ಮೊಮ್ಮಗಳ ಮಣಿಕಟ್ಟು ಹಿಡಿದು ನೋಡಿದರು.

"ಅಷ್ಟೆಲ್ಲ ತಿಂದ್ರೆ ಇದು ಯಾಕೆ ಹೀಗೆ ಕಡ್ಡಿ ಆಗಿದೆ? ಬಳೆ ಜಾರ್ತಾ ಉಂಟು."

"ಬೆಳೆಯುವ ಮಕ್ಕಳು ಹಾಗೇ ಮಾವ."

ಆಗಸ್ಟ್ ಎರಡನೆಯ ವಾರ, ಹನ್ನೆರಡು ಗಂಟೆಗೆ, ಕೌಂಟರಿನ ಮುಂದೆ ಉದ್ದದ ಸಾಲು ಇದ್ದಾಗ ಶಾಲೆಯಿಂದ ಫೋನು ಬಂತು. ಸ್ವಾತಂತ್ರ್ಯ ದಿನದ ಕವಾಯತು ಮಾಡುವಾಗ ಯಶ್ಮಿತಾ ಮೈದಾನದಲ್ಲಿ ಬಿದ್ದಿದ್ದಳು. ವಿಜೇತಾ ಬಿಜೈಯಿಂದ ರಿಕ್ಷಾ ಹಿಡಿದು ಬರುವಾಗ ಶೈಲೇಶ್ ಆಗಲೇ ಐಸ್ ಪ್ಲಾಂಟಿನ ಬೂಟಿನಲ್ಲೇ ಬಂದು ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದ. ಡಾಕ್ಟರು ನೋಡಿ, ಏನೂ ದೊಡ್ಡದಿಲ್ಲ, ಹೊಟ್ಟೆಗಿಲ್ಲದೆ ನಿಶ್ಶಕ್ತಿ ಎಂದಿದ್ದರಂತೆ.

"ಹೊಟ್ಟೆಗಿಲ್ಲದೆ?" ಎಂದಳು ವಿಜೇತಾ. "ಡಬ್ಬಿ ದಿನಾ ಖಾಲಿ ಬರ್ತದಲ್ಲ ಟೀಚರ್!"

ಟೀಚರು ಮೆಲ್ಲಗೆ ಹೇಳಿದರು. "ಆಯಾ ಈಗ ಹೇಳಿದ್ದು. ಇವಳು ದಿನಾ ಬುತ್ತಿಯನ್ನು ನಲ್ಲಿಯ ಹಿಂದಿನ ಕಸದ ಡ್ರಮ್ಮಿಗೆ ಹಾಕ್ತಾಳಂತೆ. ತೊಳೆದು, ಒರೆಸಿ ಇಡ್ತಾಳಂತೆ."

ಮನೆಗೆ ಬಂದ ಮೇಲೆ ಎಲ್ಲರೂ ಮಂಚದ ಸುತ್ತ ಸೇರಿದರು. ಸ್ವರ್ಣಲತಾ ಗಂಜಿ ತಂದು ಕೊಟ್ಟು ಗೋಡೆಗೆ ಒರಗಿ ನಿಂತಳು. ಮಗು ಅರ್ಧ ಕುಡಿದ ಮೇಲೆ ವಿಜೇತಾ ತಡೆಯಲಾರದೆ ಕೇಳಿದಳು.

"ಎಂತಕ್ಕೆ ಚೆಲ್ಲಿದ್ದು ಮಗಾ?"

"ಡಬ್ಬಿ ಖಾಲಿ ಇದ್ರೆ ನಿಂಗೆ ಖುಷಿ ಆಗ್ತದಲ್ಲ."

"ಹಾಗಂತ ಚೆಲ್ಲುದಾ? ಅನ್ನ ಚೆಲ್ಲಬಾರ್ದು ಅಂತ ಯಾರೂ ಹೇಳಿಕೊಡ್ಲಿಲ್ವಾ ನಿಂಗೆ?"

"ನೀನು ಸೂಪ್ ಚೆಲ್ಲಿದ್ದೆಯಲ್ಲ," ಎಂದಳು ಯಶ್ಮಿತಾ. ದೂರಿನ ಧ್ವನಿ ಇರಲಿಲ್ಲ. ಕಂಡದ್ದನ್ನು ಹೇಳಿದಳು. "ಅದು ಹಾಳಾಗಿರ್ಲಿಲ್ಲ. ನೀನು ಮೂಸಿ ಕೂಡ ನೋಡ್ಲಿಲ್ಲ."

ಮೊದಲು ಬಾಯಿ ತೆರೆದವರು ಹರಿಣಾಕ್ಷಿ.

"ವಿಜೇತಾ! ಮಗು ಹೇಳುದು ಹೌದಾ? ಮತ್ತೆ ನಾನು ಇವಳಿಗೆ ಬಾಯಿಗೆ ಬಂದ ಹಾಗೆ ಬೈದದ್ದು? ಅಷ್ಟು ಹೊಟ್ಟೆಕಿಚ್ಚಾ ನಿಂಗೆ, ಗಂಡ ಸತ್ತು ಬಂದವಳ ಮೇಲೆ?"

"ಹೌದು! ಹೊಟ್ಟೆಕಿಚ್ಚೇ!" ವಿಜೇತಾಳ ಧ್ವನಿ ಅಂಗಳದಾಚೆಗೂ ಕೇಳುವಂತಿತ್ತು. "ಒಂಬತ್ತು ವರ್ಷ ಆಯ್ತು ನಾನು ಬಂದು. ಅಕ್ಕ ಬಂದು ಒಂಬತ್ತು ವಾರ. ಮನೆ ಅವರದ್ದು, ಅಡುಗೆ ಮನೆ ಅವರದ್ದು, ಕೈರುಚಿ ಅವರದ್ದು, ರಕ್ತ ಅವರದ್ದು. ಇದ್ದ ಒಂದು ಮಗುವೂ ಶಾಲೆಯಲ್ಲಿ ಅವರದ್ದೇ ಚಿತ್ರ ಬರೀತದೆ. ನನ್ನದು ಅಂತ ಎಂತ ಉಂಟು ಇಲ್ಲಿ? ನಾಳೆಯೇ ಮಗುವನ್ನು ಕರ್ಕೊಂಡು ವಾಮಂಜೂರಿಗೆ ಹೋಗ್ತೇನೆ, ನನ್ನ ಅಮ್ಮನ ಮನೆಗೆ."

"ಸ್ವಲ್ಪ ಸುಮ್ನಿರಿ ಎಲ್ಲರೂ," ಎಂದ ಶೈಲೇಶ್.

"ನೀವು ಸುಮ್ಮನೇ ಇದ್ದದ್ದು ಸಾಕು!"

ಯಶ್ಮಿತಾ ಅಳತೊಡಗಿದಳು. ಅವಳ ಕೈ ಮಾತ್ರ ತಾಯಿಯ ಚೂಡಿದಾರದ ಶಾಲನ್ನು ಗಟ್ಟಿಯಾಗಿ ಹಿಡಿದಿತ್ತು. ಸ್ವರ್ಣಲತಾ ಅದನ್ನು ನೋಡಿದಳು. ಗಂಜಿಯ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ವಿಜೇತಾ ಅಡುಗೆ ಮನೆಗೆ ಬಂದಳು. ಸ್ವರ್ಣಲತಾ ನೆಲದ ಮೇಲೆ ಕೂತು ಬಸಳೆ ದಂಟು ಕತ್ತರಿಸುತ್ತಿದ್ದಳು.

"ಅಕ್ಕ, ಅವತ್ತು ನೀವು ಸುಮ್ನೆ ಬೈಸಿಕೊಂಡಿರಿ. ಎಂತಕ್ಕೆ?"

"ಸಿಂಕಿನ ಜಾಲರಿಯಲ್ಲಿ ಬೆಳ್ಳುಳ್ಳಿ ಇತ್ತು, ಹುಳಿ ವಾಸನೆ ಇರ್ಲಿಲ್ಲ. ಆಗಲೇ ಗೊತ್ತಾಯ್ತು. ಹಾಳಾದ್ದನ್ನು ಯಾರಾದ್ರೂ ತೋರಿಸಿಯೇ ಚೆಲ್ಲುದು."

"ಮತ್ತೆ ಹೇಳ್ಬಾರ್ದಿತ್ತಾ?"

ಸ್ವರ್ಣಲತಾ ಕತ್ತಿ ಕೆಳಗಿಟ್ಟಳು. "ಹೇಳುವ ಬಾಯಿ ನನಗೂ ಇರ್ಲಿಲ್ಲ ವಿಜೇತಾ. ಸೂಪ್ ಹೇಗೆ ದಿನಾ ಅಷ್ಟು ಸರಿಯಾಗಿ ಉಳೀತಿತ್ತು ಅಂದ್ಕೊಂಡಿದ್ದೀಯ? ಉಳಿಯಲಿ ಅಂತಲೇ ಜಾಸ್ತಿ ಇಡ್ತಿದ್ದೆ. ಮಧ್ಯಾಹ್ನ ಡಬ್ಬಿ ತೆಗೆಯುವಾಗ ಅವಳಿಗೆ ನನ್ನ ನೆನಪಾಗ್ಲಿ ಅಂತ. ನಾನು ಎಷ್ಟು ಕತೆ ಹೇಳಿ, ಎಷ್ಟು ಮುದ್ದು ಮಾಡಿದ್ರೂ, ಆರೂವರೆಗೆ ನಿನ್ನ ಚಪ್ಪಲಿ ಸದ್ದು ಕೇಳಿದ ಕೂಡ್ಲೇ ಕೈಯಲ್ಲಿದ್ದ ಚಮಚ ಬಿಸಾಡಿ ಗೇಟಿಗೆ ಓಡ್ತಾಳೆ. ದಿನಾ. ಆಗ ನನಗೆ ಹೇಗಾಗ್ತದೆ ಗೊತ್ತುಂಟಾ? ನಿನ್ನ ಬಸ್ಸು ಒಂದು ಅರ್ಧ ಗಂಟೆ ತಡ ಆಗ್ಲಿ ಅಂತ ನಾನು ಬೇಡಿಕೊಂಡದ್ದೂ ಉಂಟು."

ವಿಜೇತಾ ಎದುರಿಗೆ ಕೂತು ಬಸಳೆ ಎಲೆ ಬಿಡಿಸತೊಡಗಿದಳು. ತಪ್ಪಾಯಿತು ಎಂದು ಇಬ್ಬರೂ ಹೇಳಲಿಲ್ಲ. ಅರ್ಧ ಕಟ್ಟು ಮುಗಿದ ಮೇಲೆ ಅವಳು ಕೇಳಿದಳು.

"ಹುರುಳಿ ಎಷ್ಟು ಹೊತ್ತು ನೆನೆಸ್ಬೇಕು?"

"ನೆನೆಸ್ಲಿಕ್ಕೆ ಇಲ್ಲ. ಹುರಿದು ಬೇಯಿಸುದು. ನಿನಗೆ ಆ ತುಷಾರನ ಅಮ್ಮ ಕೇಳಿದ್ದಕ್ಕೆ ಬೇಕಾ?"

ವಿಜೇತಾಳ ಕೈ ನಿಂತಿತು. ಸ್ವರ್ಣಲತಾ ಅವಳ ಮುಖ ನೋಡದೆಯೇ ಹೇಳಿದಳು. "ತುಷಾರ್ ಯಶ್ಮಿತಾಳಿಗೆ ಹೇಳಿದ್ದಂತೆ, ನಿನ್ನ ಅಮ್ಮ ಸೂಪ್ ಚೆಂದ ಮಾಡ್ತಾರೆ, ಹೇಗೆ ಮಾಡುದು ಅಂತ ನನ್ನ ಅಮ್ಮ ಕೇಳಿದ್ದಾರೆ ಅಂತ. ಅವಳು ಬಂದು ನನಗೆ ಹೇಳಿದ್ಳು. ಅಲ್ಲ ಅಂತ ಅವನಿಗೆ ಹೇಳ್ಲಿಲ್ವಂತೆ. ಅಮ್ಮನಿಗೆ ಬೇಸರ ಆಗ್ತದೆ ಅಂತ."

ಆ ಮಾತಿಗೆ ವಿಜೇತಾ ಅತ್ತಳು. ವಾಮಂಜೂರಿನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ.

ಭಾನುವಾರ ಮಗುವನ್ನು ನೋಡಲು ವಿನೋದಾ ಮಗನನ್ನು ಕರೆದುಕೊಂಡು ಮುಸಂಬಿ ಹಿಡಿದು ಬಂದಳು. ಮಕ್ಕಳಿಬ್ಬರೂ ಸೇಸಪ್ಪನ ಬಲೆಯೊಳಗೆ ಹೊಕ್ಕು ಬೈಸಿಕೊಂಡರು. ಚಾ ಕುಡಿಯುವಾಗ ವಿನೋದಾ ಪುನಃ ಸೂಪಿನ ಮಾತು ತೆಗೆದಳು.

"ಅದು ನಾನು ಮಾಡುದಲ್ಲ," ಎಂದಳು ವಿಜೇತಾ. "ಅವತ್ತು ಸುಳ್ಳು ಹೇಳಿದ್ದು. ಮಾಡುದು ಇವರು, ನನ್ನ ಗಂಡನ ಅಕ್ಕ."

ವಿನೋದಾ ಒಂದು ಗಳಿಗೆ ಅವಳನ್ನೇ ನೋಡಿ, ಆಮೇಲೆ ಸ್ವರ್ಣಲತಾಳ ಕಡೆಗೆ ಕುರ್ಚಿ ತಿರುಗಿಸಿಕೊಂಡಳು. "ಅಕ್ಕ, ಹಾಗಾದ್ರೆ ನಾನು ನಿಮ್ಮನ್ನೇ ಕೇಳ್ತೇನೆ. ನನ್ನ ಮೆಸ್ಸಿಗೆ ಒಬ್ರು ಬೇಕು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ. ನಲವತ್ತು ಹುಡುಗಿಯರು, ಊರಿನ ಊಟಕ್ಕೆ ಹಸಿದು ಕೂತಿದ್ದಾರೆ."

"ಅದು ಆಗುದಿಲ್ಲ," ಎಂದಳು ವಿಜೇತಾ ಥಟ್ಟನೆ. "ಅಕ್ಕ ನಮ್ಮ ಮನೆಯವರು. ಅವರಿಗೆ ಹೊರಗೆ ಹೋಗಿ ದುಡಿಯುವ ಅಗತ್ಯ ಎಂತ ಉಂಟು?"

"ನನ್ನನ್ನು ಕೇಳಿದ್ದು ವಿಜೇತಾ," ಎಂದಳು ಸ್ವರ್ಣಲತಾ. ಆ ಮನೆಯಲ್ಲಿ ಅವಳ ಧ್ವನಿ ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲು. "ನಾನು ಬರ್ತೇನೆ."

ಹರಿಣಾಕ್ಷಿ ಎದ್ದು ನಿಂತರು. "ಮೆಸ್ಸಿಗೆ? ಜನ ಎಂತ ಹೇಳ್ತಾರೆ, ತಾಯಿಮನೆಯಲ್ಲಿ ಅನ್ನ ಹಾಕುದಿಲ್ಲ ಅಂತ ಹೇಳುದಿಲ್ವಾ?"

"ನೀನು ಬುಟ್ಟಿ ಹೊತ್ತುಕೊಂಡು ಬೀದಿ ಬೀದಿ ಹೋಗುವಾಗ ಜನ ಎಂತ ಹೇಳಿದ್ರು?" ಎಂದು ಸೇಸಪ್ಪ ಜಗಲಿಯಿಂದಲೇ ಕೇಳಿದರು.

"ಹೇಳುವವರಿಗೆ ಬೂತಾಯಿ ಮೀನಿನ ರೇಟು ಹೇಳಿ ಮುಂದೆ ಹೋದೆ."

"ಹಾಂ. ಅಷ್ಟೇ ಮತ್ತೆ."

ಮುಂದಿನ ಸೋಮವಾರ ಏಳೂವರೆಗೆ ಮೊದಲೇ ಸ್ವರ್ಣಲತಾ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೊಡೆ ಹಿಡಿದು ಹೊರಟಳು. ಬಸ್ ಸ್ಟಾಪಿನವರೆಗೆ ಸ್ಕೂಟರಿನಲ್ಲಿ ಬಿಡಲು ಶೈಲೇಶ್ ಅಂದು ತಡವಾಗಿ ಡ್ಯೂಟಿಗೆ ಹೋಗುವವನಿದ್ದ. ಭಾನುವಾರ ರಾತ್ರಿ ಮಾಡಿದ ಸೂಪು ಸ್ವಲ್ಪ ಉಳಿದಿತ್ತು. ವಿಜೇತಾ ಅದನ್ನು ಕುದಿಸಿ, ಮೂಸಿ, ಒಂದು ಚಮಚ ರುಚಿ ನೋಡಿ ಫ್ಲಾಸ್ಕಿಗೆ ಹಾಕಿದಳು. ಚೆನ್ನಾಗಿಯೇ ಇತ್ತು. ಎದೆಯಲ್ಲಿ ಹಳೆಯ ಉರಿ ಒಮ್ಮೆ ಎದ್ದು ಕೂತಿತು. ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

ಗೇಟಿನ ಬಳಿ ಯಶ್ಮಿತಾ ಬ್ಯಾಗು ಹಾಕಿಕೊಂಡು, ಸ್ಕೂಟರು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದಳು. ವಿಜೇತಾ ಹೋಗಿ ಪಕ್ಕದಲ್ಲಿ ನಿಂತಳು.

"ಅಮ್ಮ, ಮಾಮಿ ಅಲ್ಲಿ ಎಲ್ಲರಿಗೂ ಸೂಪ್ ಕೊಡ್ತಾರಾ?"

"ಕೊಡ್ತಾರೆ."

"ತುಷಾರ್‌ಗೂ?"

"ಅವನಿಗೂ."

ಯಶ್ಮಿತಾ ತುಟಿ ಉಬ್ಬಿಸಿದಳು.

"ಅವನಿಗೆ ಸ್ವಲ್ಪವೇ ಕೊಡ್ಲಿಕ್ಕೆ ಹೇಳು. ಅದು ನಮ್ಮ ಮನೆಯ ಸೂಪ್."

ವಿಜೇತಾಳಿಗೆ ನಗು ಬಂತು. ಅವಳೂ ಅಲ್ಲಿ ನಿಂತು ಅದನ್ನೇ ಯೋಚಿಸುತ್ತಿದ್ದಳು.